ತುಂಬೆ ಗಿಡಾ ದೀಪಾವಳಿ ತನಕಾ ಕೀಳಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಶ್ರಾವಣದಾಗ ಈಶ್ವರಗ ಏರಸಾಕ ಹುಡುಕ್ಯಾಡಿ ತರೋ ತುಂಬೆ, ಶ್ರಾವಣ ಮುಗೀತಂದ್ರ ಕಸಾ ಆಗಿಬಿಡ್ತೈತಿ. ಧಾರವಾಡ ಸುತ್ತಮುತ್ತ ಹೊಲದ ಬದುವಿನ ಮ್ಯಾಲ, ಲೇಔಟಿನ ಖಾಲಿ ಸೈಟಿನ್ಯಾಗ ಅದು ಬೆಳ್ಳಗ ಹೂ ಬಿಟ್ಟ ನಿಂತಿರೋ ಟೈಮಿಗೇ ಕಸದ ಎಣ್ಣಿ ಹೊಡದು ಇಲ್ಲಾ ಕುರ್ಪಿ ತಗೊಂಡು ಸಾಫ್ ಮಾಡ್ತಾರ, ನೋಡಿದ್ರ ಹೊಟ್ಟಿ ಉರೀತೈತ್ರಿ.

ನಮ್ಮ ಎರಿ ಹೊಲದಾಗ ಹೆಸರು ಬಿಡಿಸಿ ತಗದ ಮ್ಯಾಲ ಹಿಂಗಾರಿ ಜೋಳ ಕಡ್ಲಿ ಬಿತ್ತೋ ತನಕಾ ಬರೇ ಕರೇ ಮಣ್ಣು, ಆ ಸಂದಿನ್ಯಾಗ ಜೇನಹುಳ ಏನ್ ತಿನ್ನಬೇಕು ಹೇಳ್ರಿ. ಆವಾಗ ಬದುವಿನ ತುಂಬೆನ ಆಸರ. ಬಿಸಲೇರಿದ ಮ್ಯಾಲ ಒಂದ್ ಸ್ವಲ್ಪ ಹೊತ್ತು ಗಿಡದ ಬಾಜೂ ಕುಂತು ನೋಡ್ರಿ, ಕೋಲಜೇನು ಬರ್ತಾವ, ಸಣ್ಣ ಹಳದಿ ಪಾತರಗಿತ್ತಿ ಬರ್ತಾವ, ಹೊಟ್ಟಿ ಮ್ಯಾಲ ನೀಲಿ ಪಟ್ಟಿ ಇರೋ ಒಂದು ಹುಳಾನೂ ಗುಂಯ್ ಅಂತ ಬರ್ತೈತಿ. ಅದು ಗೂಡು ಕಟ್ಟಿ ತುಪ್ಪ ಕೂಡಿಡೋ ಜಾತಿ ಅಲ್ಲ, ನೆಲದಾಗ ಇಲ್ಲಾ ಮಣ್ಣಿನ ಗ್ವಾಡ್ಯಾಗ ತೂತು ಮಾಡಿ ಒಂಟಿ ಇರ್ತೈತಿ, ಆದ್ರ ಬದ್ನಿ ಟೊಮ್ಯಾಟೊ ಹೂವನ್ನ ಗಟ್ಟಿ ಹಿಡದು ಮೈ ನಡುಗಿಸಿ ಪರಾಗ ಉದುರಿಸೋದ್ರಾಗ ಅದು ಭಾಳ ಚಲೋ ಕೆಲಸಗಾರ. ತುಂಬೆ ಕಿತ್ತಿದ್ರ ಇಂಥಾ ಹುಳದ ಊಟಾನೂ ಹೋತು.

ಭಾಳ ಮಂದಿ ಬಿಳೇ ಹೂ ನೋಡಿ ಕಾಂಗ್ರೆಸ್ ಕಸಾ ಅಂತ ಕೀಳ್ತಾರ. ಕಾಂಗ್ರೆಸ್ಸಿನ ಎಲಿ ಗಜ್ಜರಿ ಎಲಿ ಹಂಗ ಹರಕ ಹರಕ ಇರ್ತೈತಿ, ಅದನ್ನ ಕೀಳ್ರಿ, ಕೀಳಲೇಬೇಕು. ತುಂಬೆ ಎಲಿ ಸಪೂರ, ಕಾಂಡ ನಾಕ ಮೂಲಿದು, ತಿಕ್ಕಿದ್ರ ಘಾಟು ವಾಸನಿ ಬರ್ತೈತಿ, ಹೂ ಕಾಂಡದ ಸುತ್ತ ಗುಂಡಗ ಗೊಂಚಲಾ ಕಟ್ಟಿರ್ತೈತಿ.

ಬೆಳಸೋದಂತೂ ಏನೂ ತ್ರಾಸಿಲ್ಲ. ಗಿಡಾ ಒಣಗಿದ ಮ್ಯಾಲ ಗೊಂಚಲಾ ಅಂಗೈಯಾಗ ತಿಕ್ಕಿದ್ರ ಸಣ್ಣ ಕಾಳು ಉದುರ್ತಾವ, ಪೇಪರ್ ಪೊಟ್ಣದಾಗ ಇಟ್ಟು ಮಿರಗದ ಮಳಿಗೆ ಮಣ್ಣಿನ ಮ್ಯಾಲ ಚೆಲ್ಲಿದ್ರ ಸಾಕು, ಆಳಕ್ಕ ಹೂಳಬಾರ್ದು. ಟೆರೇಸ್ ಮ್ಯಾಲ ಒಡದ ಬಕೇಟಿನ್ಯಾಗೂ ಬರ್ತೈತಿ, ಗೊಬ್ಬರ ಬೇಡಂಗಿಲ್ಲ. ಮುಂದಿನ ವರ್ಷ ತಾನ ಹುಟ್ಟತೈತಿ.

ಉಣಕಲ್ ಕೆರಿ, ಸಾಧನಕೇರಿ, ನೃಪತುಂಗ ಬೆಟ್ಟದ ಕಡೆ ಹುಲ್ಲು ಕೊಯ್ಸೋರು ಬೇಲಿ ಪಕ್ಕದ ಒಂದ್ ಪಟ್ಟಿ ಆದ್ರೂ ದೀಪಾವಳಿ ತನಕಾ ಬಿಡ್ಲಿ. ಧಾರವಾಡ ಕೃಷಿ ಮೇಳದಾಗ ಹೈಬ್ರಿಡ್ ಬೀಜದ ಜೋಡಿ ಒಂದ್ ಚಿಟಿಕಿ ತುಂಬೆ ಬೀಜಾನೂ ಕೊಟ್ರ ರೈತ್ರು ಬದುವಿಗೆ ಚೆಲ್ಲತಾರ, ಸಂಬಂಧಪಟ್ಟವ್ರು ಇದನ್ನ ಮಾಡಬೇಕಂತ ಕೇಳ್ಕೋತೀನಿ.

– ಒಬ್ಬ ಓದುಗ, ಧಾರವಾಡ