ಡೊರೊತಿಯ ಬೆಳ್ಳಿ ಷೂ ಮತ್ತು ಬೆಳ್ಳಿ ರಾಜಕೀಯ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಜ್’ ಬಗ್ಗೆ ಒಂದು ಬರಹ ಬಂದಿತ್ತು. ಇದು ಮಕ್ಕಳ ಕಥೆಯೇ ಅಲ್ಲ, ನಾಣ್ಯಕ್ಕೆ ಚಿನ್ನ ಮಾತ್ರ ಸಾಕೋ ಬೆಳ್ಳಿಯೂ ಬೇಕೋ ಎಂಬ ಅಮೆರಿಕದ ಹಳೆಯ ಜಗಳವನ್ನು ಲೇಖಕ ಗುಟ್ಟಾಗಿ ಬರೆದಿಟ್ಟ ರಾಜಕೀಯ ಕಥೆ ಎಂದು ಅದರಲ್ಲಿತ್ತು. ಹತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ಓದಿ ಮುಖ ಸಣ್ಣ ಮಾಡಿಕೊಂಡು ಬಂದಳು. “ಅಜ್ಜಿ, ಹಾಗಾದ್ರೆ ತಗಡಿನ ಮನುಷ್ಯ ನಿಜವಾಗ್ಲೂ ಅತ್ತಿಲ್ವಾ?” ಎಂದು ಕೇಳಿದಳು.

ಅವಳು ಕೇಳಿದ ಜಾಗ ನನಗೂ ತುಂಬಾ ಇಷ್ಟ. ತಗಡಿನ ಮನುಷ್ಯ ನಡೆಯುವಾಗ ಗೊತ್ತಿಲ್ಲದೆ ಒಂದು ಪುಟ್ಟ ಹುಳವನ್ನು ತುಳಿದುಬಿಡುತ್ತಾನೆ. ಸಂಕಟ ತಡೆಯಲಾರದೆ ಅಳುತ್ತಾನೆ. ಕಣ್ಣೀರು ಇಳಿದು ದವಡೆಯ ಕೀಲಿಗೆ ತುಕ್ಕು ಹಿಡಿಯುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ. ಕೈಸನ್ನೆ ಮಾಡಿದರೂ ಕಥಾನಾಯಕಿ, ಪುಟ್ಟ ಹುಡುಗಿ ಡೊರೊತಿಗೆ ತಿಳಿಯುವುದಿಲ್ಲ. ಬೆರ್ಚಪ್ಪ ಅವಳ ಬುಟ್ಟಿಯಿಂದ ಎಣ್ಣೆ ಡಬ್ಬಿ ತೆಗೆದು ಕೀಲಿಗೆ ಎಣ್ಣೆ ಬಿಡುತ್ತಾನೆ. ತನಗೆ ಮಿದುಳಿಲ್ಲ ಎಂದು ಕೊರಗುವವನಿಗೇ ಉಪಾಯ ಹೊಳೆಯುತ್ತದೆ. ಹೃದಯ ಇಲ್ಲ ಎನ್ನುವವನೇ ಒಂದು ಹುಳಕ್ಕಾಗಿ ಅಳುತ್ತಾನೆ. ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ನಿಮ್ಮ ಲೇಖಕರು ಹೇಳಿದ ವಾದ ನನಗೆ ಹೊಸದಲ್ಲ. ಹಣದ ಪಾಠ ಬಂದಾಗಲೆಲ್ಲ ನಾನೇ ಅದನ್ನು ಬಳಸಿದ್ದೇನೆ. ಓಜ್ ಎಂದರೆ ಚಿನ್ನ-ಬೆಳ್ಳಿ ತೂಗುವ ಔನ್ಸಿನ ‘oz’ ಗುರುತು, ಹಳದಿ ಇಟ್ಟಿಗೆ ರಸ್ತೆ ಎಂದರೆ ಚಿನ್ನ, ಡೊರೊತಿಯ ಷೂ ಬೆಳ್ಳಿ, ಹಸಿರು ಪಚ್ಚೆ ನಗರ ಕಾಗದದ ನೋಟು. ಬೆರ್ಚಪ್ಪ ರೈತ, ತಗಡಿನ ಮನುಷ್ಯ ಕಾರ್ಖಾನೆಯ ಕೆಲಸಗಾರ, ಪುಕ್ಕಲು ಸಿಂಹ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಹೀಗೆ ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. (1939ರ ಸಿನಿಮಾ ಮಾತ್ರ ನೋಡಿದವರಿಗೆ ಷೂ ಕೆಂಪು. ಬಣ್ಣದ ಚಿತ್ರದಲ್ಲಿ ಎದ್ದು ಕಾಣಲಿ ಎಂದು ಬದಲಾಯಿಸಿದ್ದು. ಪುಸ್ತಕದಲ್ಲಿ ಅದು ಬೆಳ್ಳಿಯದೇ.)

ಆ ಜಗಳವಂತೂ ನಿಜ, ಅದರ ನೋವೂ ನಿಜ. 1873ರ ಕಾನೂನು ಅಮೆರಿಕದಲ್ಲಿ ಬೆಳ್ಳಿ ಡಾಲರ್ ಟಂಕಿಸುವುದನ್ನು ಕೈಬಿಟ್ಟಿತು. ಆಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಬೆಲೆಗಳು ಇಳಿಯುತ್ತಲೇ ಹೋದವು. ಬೆಲೆ ಇಳಿದರೆ ಒಳ್ಳೆಯದೇ ಅಲ್ವಾ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಆಗ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಒಂದು ಮೂಟೆ ಗೋಧಿಗೆ 2 ಡಾಲರ್ ಇದ್ದಾಗ ರೈತ 100 ಡಾಲರ್ ಸಾಲ ಮಾಡಿದ ಎಂದಿಟ್ಟುಕೊಳ್ಳಿ. 50 ಮೂಟೆ ಮಾರಿದರೆ ಸಾಲ ತೀರುತ್ತದೆ. ಬೆಲೆ 1 ಡಾಲರಿಗೆ ಇಳಿದರೆ ಅದೇ ಸಾಲಕ್ಕೆ 100 ಮೂಟೆ ಬೇಕು, ಬಡ್ಡಿ ಬೇರೆ. ಅದಕ್ಕೇ ರೈತರು ಬೆಳ್ಳಿಯನ್ನೂ ನಾಣ್ಯ ಮಾಡಿ, 16 ಔನ್ಸ್ ಬೆಳ್ಳಿಯನ್ನು 1 ಔನ್ಸ್ ಚಿನ್ನಕ್ಕೆ ಸಮ ಮಾಡಿ ಎಂದು ಕೇಳಿದರು. ಹಣ ಹೆಚ್ಚಾದರೆ ಬೆಲೆ ಏರುತ್ತದೆ, ಸಾಲ ಹಗುರಾಗುತ್ತದೆ. 1896ರ ಹೊತ್ತಿಗೆ ಮಾರುಕಟ್ಟೆಯಲ್ಲಿ 1 ಔನ್ಸ್ ಚಿನ್ನಕ್ಕೆ ಸುಮಾರು 30 ಔನ್ಸ್ ಬೆಳ್ಳಿ ಸಿಗುತ್ತಿತ್ತು. ಹಾಗಾಗಿ ಅಗ್ಗದ ಬೆಳ್ಳಿಯಲ್ಲೇ ಸಾಲ ತೀರಿಸಿಬಿಡುತ್ತಾರೆ ಎಂದು ಸಾಲ ಕೊಟ್ಟವರು ಹೆದರಿದ್ದೂ ಸಹಜ. ಆ ವರ್ಷ ಜುಲೈ 9ರಂದು ಶಿಕಾಗೊದಲ್ಲಿ 36 ವರ್ಷದ ಬ್ರಯಾನ್, ಮನುಷ್ಯಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂದು ಗುಡುಗಿದರು. ಆ ಭಾಷಣಕ್ಕೇ ಅಧ್ಯಕ್ಷ ಚುನಾವಣೆಯ ಟಿಕೆಟ್ ಸಿಕ್ಕಿತು. ಚುನಾವಣೆಯಲ್ಲಿ ಮಾತ್ರ ಚಿನ್ನದ ಪರ ನಿಂತ ಎದುರಾಳಿ ಮೆಕಿನ್ಲಿ ಗೆದ್ದರು.

ಇದರಲ್ಲಿ ನಮ್ಮ ರೂಪಾಯಿಯೂ ಇದೆ. ಆಗ ರೂಪಾಯಿ ಬೆಳ್ಳಿಯದು. ಯಾರು ಬೇಕಾದರೂ ಬೆಳ್ಳಿ ಒಯ್ದು ಟಂಕಸಾಲೆಯಲ್ಲಿ ನಾಣ್ಯ ಮಾಡಿಸಬಹುದಿತ್ತು. 1893ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಆ ಬಾಗಿಲು ಮುಚ್ಚಿತು. ಬೆಳ್ಳಿ ಬೆಲೆ ಧಡಕ್ಕನೆ ಬಿತ್ತು. ಅದೇ ವರ್ಷ ಅಮೆರಿಕವೂ ಸರ್ಕಾರಿ ಬೆಳ್ಳಿ ಖರೀದಿಯ ಕಾನೂನನ್ನು ರದ್ದು ಮಾಡಿತು. ಮಕ್ಕಳಿಗೆ ಇದನ್ನೆಲ್ಲ ಹೇಳಬೇಕು, ನನ್ನ ತಕರಾರು ಅದಕ್ಕಲ್ಲ.

ಕಥೆ ಬರೆದ ಎಲ್. ಫ್ರ್ಯಾಂಕ್ ಬಾಮ್ ಇದನ್ನೇ ಒಳಗೆ ಬಚ್ಚಿಟ್ಟಿದ್ದರು ಎಂಬ ಮಾತಿಗೆ ನನ್ನ ತಕರಾರು. ಪುಸ್ತಕ ಬಂದಿದ್ದು 1900ರಲ್ಲಿ. ಈ ಅರ್ಥವನ್ನು ಚಾಲ್ತಿಗೆ ತಂದಿದ್ದು 1964ರಲ್ಲಿ, ಹೆನ್ರಿ ಲಿಟಲ್‌ಫೀಲ್ಡ್ ಎಂಬ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಮೇಷ್ಟ್ರು. ವಿದ್ಯಾರ್ಥಿಗಳಿಗೆ ಇತಿಹಾಸ ರುಚಿಸಲಿ ಎಂದು ಅವರು ಹುಡುಕಿಕೊಂಡ ದಾರಿ ಅದು. 1990ರಲ್ಲಿ ಹ್ಯೂ ರಾಕಾಫ್ ಎಂಬ ಅರ್ಥಶಾಸ್ತ್ರಜ್ಞರು ಇನ್ನಷ್ಟು ಹೊಂದಾಣಿಕೆ ತೋರಿಸಿದರು. ಅರಮನೆಯಲ್ಲಿ ಡೊರೊತಿ ದಾಟುವ ಏಳು ಓಣಿ, ಹತ್ತುವ ಮೂರು ಅಂತಸ್ತಿನ ಮೆಟ್ಟಿಲು, ಈ ಏಳು-ಮೂರನ್ನು ಪಕ್ಕಪಕ್ಕ ಬರೆದರೆ 1873ರ ಆ ‘73’ ಸಿಗುತ್ತದೆ ಎಂದರು! ಜಾಣತನ ಹೌದು. ಆದರೆ ಹೀಗೆ ಹುಡುಕಲು ಕೂತರೆ ಯಾವ ಕಥೆಯಲ್ಲಿ ಏನು ತಾನೇ ಸಿಗುವುದಿಲ್ಲ?

ಕಥೆಯನ್ನೇ ಕೇಳಿ ನೋಡಿ. ಚಿನ್ನ ಕೆಟ್ಟದ್ದಾದರೆ ಹಳದಿ ರಸ್ತೆ ಡೊರೊತಿಯನ್ನು ಸರಿಯಾದ ಜಾಗಕ್ಕೇ ಏಕೆ ತಲುಪಿಸುತ್ತದೆ? ಕಥೆಯ ದುಷ್ಟೆ, ಪಶ್ಚಿಮದ ಮಾಟಗಾತಿ ಒಬ್ಬರ ಪ್ರಕಾರ ಬರಗಾಲ, ಇನ್ನೊಬ್ಬರ ಪ್ರಕಾರ ಮೆಕಿನ್ಲಿ. ಕೆಲವು ಕಡೆ ಒಪ್ಪುತ್ತೇನೆ. ಕೊಡಲಿಗೆ ಒಂದೊಂದೇ ಅಂಗ ಕಳೆದುಕೊಂಡು ಪೂರ್ತಿ ತಗಡಾಗುವ ಮರ ಕಡಿಯುವವನ ಕಥೆ ಓದಿದರೆ, ದುಡಿದೂ ದುಡಿದೂ ಯಂತ್ರವಾದ ಕೆಲಸಗಾರ ನನ್ನ ಕಣ್ಣಿಗೂ ಬರುತ್ತಾನೆ. ಅದು ಓದುವ ನಮಗೆ ಕಂಡಿದ್ದು. ಬರೆದವರ ಮನಸ್ಸಿನಲ್ಲಿ ಇತ್ತು ಎನ್ನಲು ಪುರಾವೆ ಬೇಕು.

ಪುರಾವೆ ಇರುವುದು ಬೇರೆ ಕಡೆಗೆ. ಬ್ರಯಾನ್ ಶಿಕಾಗೊದಲ್ಲಿ ಗುಡುಗಿದ ಅದೇ ತಿಂಗಳು ಅದೇ ಊರಿನ ಪತ್ರಿಕೆಯಲ್ಲಿ ಬಾಮ್ ಅವರ ಒಂದು ಪದ್ಯ ಬಂತು. ಅದು ಮೆಕಿನ್ಲಿ ಪರ. ಗುಟ್ಟಾಗಿ ರಾಜಕೀಯ ಹೇಳುವ ಸ್ವಭಾವವೂ ಅವರದಲ್ಲ. ದಕ್ಷಿಣ ಡಕೋಟದ ಅಬರ್ಡೀನ್‌ನಲ್ಲಿ ಪತ್ರಿಕೆ ನಡೆಸುವಾಗ ಹೆಂಗಸರಿಗೆ ಮತದ ಹಕ್ಕು ಬೇಕೆಂದು ನೇರವಾಗಿ ಬರೆದರು. ಅಲ್ಲಿನ ಮೂಲನಿವಾಸಿಗಳನ್ನು ನಿರ್ನಾಮ ಮಾಡಬೇಕೆಂದೂ ಅಷ್ಟೇ ನೇರವಾಗಿ, 1890-91ರಲ್ಲಿ ಎರಡು ಸಲ ಬರೆದರು. ಇದನ್ನು ಓದಿ ನನಗೆ ಮೈ ನಡುಗಿತ್ತು. ಅಂಥ ಮಾತನ್ನೂ ಮುಚ್ಚಿಡದವರು ಬೆಳ್ಳಿ ನಾಣ್ಯದ ಮಾತು ಮುಚ್ಚಿಡುತ್ತಿದ್ದರೇ?

ಕಷ್ಟ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದೇ ಅಬರ್ಡೀನ್‌ನಲ್ಲಿ ಅವರೊಂದು ಅಂಗಡಿ ಇಟ್ಟಿದ್ದರು. ಬರ ಬಂತು. ಉದ್ದರಿ ಒಯ್ದವರಿಗೆ ತೀರಿಸಲು ಆಗಲಿಲ್ಲ. 1890ರಲ್ಲಿ ಅಂಗಡಿ ಮುಚ್ಚಿತು. ಕಥೆಯ ಮೊದಲ ಪುಟದಲ್ಲಿ ಬರುವ ಡೊರೊತಿಯ ನಾಡು ಕ್ಯಾನ್ಸಾಸ್ ನೋಡಿ. ಉತ್ತ ನೆಲ ಬಿಸಿಲಿಗೆ ಬೆಂದು ಬೂದು ಬಣ್ಣ, ಹುಲ್ಲೂ ಬೂದು, ಮನೆಯೂ ಬೂದು, ಎಮ್ ಚಿಕ್ಕಮ್ಮನ ಕೆನ್ನೆ-ತುಟಿ ಕೂಡ ಬೂದು. ಕಣ್ಣಾರೆ ಬರ ಕಂಡವರು ಬರೆದದ್ದು ಅದು ಅನ್ನಿಸುತ್ತದೆ ನನಗೆ. ಅದಕ್ಕೊಂದು ಸಂಕೇತದ ಪಟ್ಟಿ ಏಕೆ?

ಇನ್ನೊಂದು ವಿಷಯ ನಿಮಗೆ ವಿಶೇಷವಾಗಿ ಹೇಳಬೇಕು. ಈ ವಾದದ ಬುಡ ಸಡಿಲವಾದದ್ದೂ ಸಂಪಾದಕರಿಗೆ ಬರೆದ ಪತ್ರಗಳಿಂದಲೇ. ಬಾಮ್ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಮೈಕೆಲ್ ಪ್ಯಾಟ್ರಿಕ್ ಹರ್ನ್, ಈ ಅರ್ಥಕ್ಕೆ ಆಧಾರವಿಲ್ಲ ಎಂದು ‘ನ್ಯೂಯಾರ್ಕ್ ಟೈಮ್ಸ್’ಗೆ ಪತ್ರ ಬರೆದರು. 1992ರ ಫೆಬ್ರುವರಿಯಲ್ಲಿ ಅದೇ ಪತ್ರಿಕೆಯಲ್ಲಿ ಲಿಟಲ್‌ಫೀಲ್ಡ್ ಅವರ ಉತ್ತರ ಬಂತು. ಹರ್ನ್ ಹೇಳಿದ್ದು ಸರಿ, ಬಾಮ್ ಬೆಳ್ಳಿ ನಾಣ್ಯ ಕೇಳಿದ ಆ ರೈತರ ಚಳವಳಿಯವರು ಎನ್ನಲು ಆಧಾರವಿಲ್ಲ ಎಂದು ಅವರು ಒಪ್ಪಿಕೊಂಡರು. 28 ವರ್ಷ ತಮಗೆ ಹೆಸರು ತಂದ ಮಾತನ್ನು ಎಲ್ಲರೆದುರು ಬಿಟ್ಟುಕೊಟ್ಟ ಆ ಮೇಷ್ಟ್ರ ಬಗ್ಗೆ ನನಗೆ ತುಂಬಾ ಗೌರವ.

ಹಾಗಾಗಿ ಮುಂದಿನ ಭಾನುವಾರ ಅದೇ ಮಕ್ಕಳ ಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಚಿನ್ನ-ಬೆಳ್ಳಿಯ ಕಥೆ ಒಬ್ಬ ಮೇಷ್ಟ್ರು ಕಂಡ ಅರ್ಥ, ಲೇಖಕರು ಹೇಳಿದ್ದಲ್ಲ ಎಂದು ಬರೆದರೆ ಸಾಕು. ಮೊಮ್ಮಗಳು ನಿಮ್ಮ ಆ ಪುಟ ಕತ್ತರಿಸಿ ಪುಸ್ತಕದೊಳಗೆ ಇಟ್ಟಿದ್ದಾಳೆ. ಸ್ಪಷ್ಟನೆ ಬಂದರೆ ಅದರ ಪಕ್ಕದಲ್ಲೇ ಅಂಟಿಸುತ್ತೇವೆ.

– ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕಿ, ತುಮಕೂರು