ಮೂವತ್ತು ಹೆಜ್ಜೆ ಮೇಲೆ

ಪುಟ್ಟಿ,

ವಾರವಾಯಿತು, ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಹೌದು, ಜಿಯೋಕ್ಯಾಶಿಂಗ್ ಆಟಕ್ಕೆ, ಜನ ಜಿಪಿಎಸ್ ಹಿಡಿದು ಹುಡುಕಲಿ ಅಂತ ನೀನು ಬಚ್ಚಿಟ್ಟ ಡಬ್ಬಿಯ ಜಾಗ ಬದಲಿಸಿದ್ದು ನಾನೇ. ಹೊಳೆಯಂಚಿನ ಮರದ ಬೇರಿನ ಸಂದಿಯಿಂದ ತೆಗೆದು, ಮೂವತ್ತು ಹೆಜ್ಜೆ ಮೇಲೆ, ಕಾಲುದಾರಿ ಪಕ್ಕದ ಕಲ್ಲುಗಳ ನಡುವೆ ಇಟ್ಟೆ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಹೇಳದಿದ್ದುದಕ್ಕೆ ಬೇರೆ ಕಾರಣವಿಲ್ಲ.

ಐದು ಮಂದಿ ಬಂದು ಹುಡುಕಿ, ಐದೂ ಮಂದಿ ‘ಸಿಗಲಿಲ್ಲ’ ಅಂತ ಬರೆದರಂತೆ. ಮರದ ಕೆಳಗೆ ಜಿಪಿಎಸ್ ಹೇಗೂ ಹತ್ತು ಮೀಟರ್ ಆಚೀಚೆ ತೋರಿಸುತ್ತದೆ, ಜನ ಸುತ್ತಮುತ್ತ ಕಣ್ಣಾಡಿಸುತ್ತಾರೆ ಅಂದುಕೊಂಡಿದ್ದೆ. ನೀನು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅಕ್ಷಾಂಶ ರೇಖಾಂಶ ಅಳೆದು ಸರಾಸರಿ ತೆಗೆದಿದ್ದು ನನಗೆಲ್ಲಿ ಗೊತ್ತು? ಅಕ್ಷಾಂಶದ ಮಿನಿಟಿನಲ್ಲಿ ಮೂರನೇ ದಶಮಾಂಶ ಸ್ಥಾನದ ಒಂದು ಅಂಕಿ ತಪ್ಪಿದರೆ ನೆಲದ ಮೇಲೆ ಸುಮಾರು 1.85 ಮೀಟರ್ ತಪ್ಪುತ್ತದೆ ಅಂತ ನಿನ್ನ ನೋಟ್‌ಬುಕ್ಕಿನಲ್ಲಿದೆ. ಓದಿ ಹೆಮ್ಮೆಯಾಯಿತು, ಮುಖ ಸಣ್ಣಗೂ ಆಯಿತು. (ನೋಟ್‌ಬುಕ್ ತೆಗೆದು ನೋಡಿದ್ದಕ್ಕೂ ಸೇರಿಸಿ ಬೈಯಿ.)

ಆದರೆ ಆ ಬೇರು, ಪುಟ್ಟಿ. ಅದು ಹೊಳೆ ತಿರುವಿನ ಹೊರಮಗ್ಗುಲು. ನೀರು ಬಂದು ಬಡಿಯುವುದೇ ಅಲ್ಲಿ. ಮೇಲೆ ಹುಲ್ಲು, ಗಟ್ಟಿ ನೆಲದ ಹಾಗೆ ಕಾಣುತ್ತದೆ. ಅಡಿಯಲ್ಲಿ ಮಣ್ಣು ಕೊರೆದು ಪೊಳ್ಳು.

ಇದೇ ತಿರುವಿಗೆ ನಾವಿಬ್ಬರೂ ಬೇರೊಂದು ಡಬ್ಬಿ ಹುಡುಕಲು ಬಂದಾಗ ನಿನಗೆ ಒಂಬತ್ತು ವರ್ಷ. ಆ ದಿನ ಸಿಕ್ಕ ಡಬ್ಬಿ, ಅದರೊಳಗಿನ ಗೋಲಿ, ಬದಲಿಗೆ ನೀನಿಟ್ಟ ಗುಂಡಿ, ಅದೆಲ್ಲ ನಿನಗೂ ನೆನಪಿದೆ, ಬಿಡು. ಅದಕ್ಕೆ ಮುಂಚಿನ ನಾಲ್ಕೈದು ನಿಮಿಷ ಮಾತ್ರ ನನ್ನೊಬ್ಬಳದು. ಜಿಪಿಎಸ್ ಪರದೆಯಲ್ಲಿ ಡಬ್ಬಿಗೆ 12 ಮೀಟರ್ ಅಂತಿತ್ತು. ಬಾಣ ನೇರ ನೀರಿನ ಕಡೆಗೆ. ಎರಡು ಹೆಜ್ಜೆ ಇಟ್ಟೆ, 9 ಆಯಿತು. ನಿಂತೆ, 14 ಆಯಿತು. ಎಲೆಗಳ ಮರೆ ತಪ್ಪಲಿ ಅಂತ ಕೈ ಮೇಲೆತ್ತಿ ಹಿಡಿದೆ, ಮತ್ತೆ 12. ಕತ್ತೆತ್ತಿದರೆ ನೀನಿಲ್ಲ.

ಕೂಗಿದೆ. ಹೊಳೆ ಸದ್ದು ಬಿಟ್ಟರೆ ಏನಿಲ್ಲ. ದಡದ ಒದ್ದೆ ಮಣ್ಣಲ್ಲಿ ಏನೋ ಜಾರಿ ಇಳಿದ ಗುರುತು, ಅಂಗೈ ಅಗಲದ್ದು. ಯಾವ ಪ್ರಾಣಿಯದೋ ಏನೋ, ನಿನ್ನದಂತೂ ಅಲ್ಲ. ಆದರೂ ಅದನ್ನು ನಾನು ಇವತ್ತಿಗೂ ಗೆರೆ ಎಳೆದು ತೋರಿಸಬಲ್ಲೆ, ಎಲ್ಲಿ ಅಗಲ, ಎಲ್ಲಿ ಕಿರಿದು ಅಂತ. ಆ ಗುರುತಿನ ಪಕ್ಕ ಎಷ್ಟು ಹೊತ್ತು ನಿಂತಿದ್ದೆನೋ. ಮೇಲಿನ ಕಲ್ಲುಗಳ ಹಿಂದಿನಿಂದ ‘ಅಮ್ಮಾ, ಪೆನ್ನು’ ಅಂದೆ ನೀನು, ಡಬ್ಬಿ ಮಡಿಲಲ್ಲಿಟ್ಟುಕೊಂಡು. ಕೊಟ್ಟೆ. ಏನೂ ಆಗದವಳ ಹಾಗೆ ಕೊಟ್ಟೆ.

ಆ ಹಳೇ ಡಬ್ಬಿ ಹೋಗಿ ಎಷ್ಟೋ ವರ್ಷವಾಯಿತು. ನಿನ್ನದನ್ನು ನಾನಿಟ್ಟಿದ್ದು ಅದೇ ಕಲ್ಲುಗಳ ನಡುವೆ.

2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು, ಮರುದಿನವೇ ಡೇವ್ ಉಲ್ಮರ್ ಆರೆಗನ್ನಿನ ಕಾಡಲ್ಲಿ ಈ ಆಟದ ಮೊದಲ ಡಬ್ಬಿಯಾಗಿ ಬಕೆಟ್ ಬಚ್ಚಿಟ್ಟ ಅಂತ ಎಷ್ಟು ಸಂಭ್ರಮದಿಂದ ಹೇಳುತ್ತೀಯ! ಆ ಮಸುಕು ಹಾಗೇ ಇದ್ದಿದ್ದರೆ ನಾನು ಪರದೆ ಬಿಟ್ಟು ನಿನ್ನ ಕಡೆ ನೋಡುತ್ತಿದ್ದೆನೇನೋ.

ಬಾಣಕ್ಕೆ ಹೊಳೆ ಗೊತ್ತಿಲ್ಲ. ಅದು ಹೇಳುವ 12 ಮೀಟರ್ ಆಚೆ ದಡವೂ ಆಗಿರಬಹುದು. ನೀನು ಟೆರೇನ್, ಅಂದರೆ ದಾರಿಯ ಕಷ್ಟ, ಐದರಲ್ಲಿ 1.5 ಅಂತ ಹಾಕಿದ್ದೀಯ. ಒಣಗಿದ ದಿನ ಅಳೆದ ಅಂಕಿ ಅದು, ಮಳೆಯ ಮಾರನೇ ದಿನ ಮಗುವನ್ನು ಕರೆದುಕೊಂಡು ಬರುವವರು ಅದನ್ನೇ ನಂಬುತ್ತಾರೆ. ನೀನೂ ಅಷ್ಟೆ, ಬೇರೆಯವರ ಡಬ್ಬಿ ಹುಡುಕುವಾಗ ಕೊನೆಯ ಇಪ್ಪತ್ತು ಮೀಟರಿಗೆ ಫೋನ್ ಜೇಬಿಗೆ ಹಾಕು, ಒಬ್ಬಳೇ ಇಳಿಯಬೇಡ, ಕತ್ತಲಾದರೆ ವಾಪಸ್ ಬಾ. ನೋಡು, ಉಪದೇಶ ಬೇಡ ಅಂತಲೇ ಕೂತವಳು ನಾನು.

ನಿನ್ನೆ ಹೋಗಿ ಡಬ್ಬಿಯನ್ನು ಮತ್ತೆ ಬೇರಿನಲ್ಲೇ ಇಟ್ಟು ಬಂದೆ. ತಪ್ಪು ಮಾಡಿದೆ ಅಂತ ಒಪ್ಪಿಕೊಂಡೆ, ಹೆದರಿಕೆ ತಪ್ಪು ಅಂತ ಅಲ್ಲ. ಟೆರೇನ್ ಮಾತ್ರ ನೀನೇ 3 ಮಾಡು. ಡಬ್ಬಿ ಸಿಕ್ಕವರು ಹೆಸರು ಬರೆಯುವ ಲಾಗ್ ಕಾಗದದ ಅಂಚು ಒದ್ದೆಯಾಗಿತ್ತು, ಪೆನ್ನು ಮೂಡಲಿಲ್ಲ. ಒಳಗೊಂದು ಪೆನ್ಸಿಲ್ ಇಟ್ಟಿದ್ದೇನೆ.

ಅಮ್ಮ