ಬಿಜೈ ಫ್ಲ್ಯಾಟಿನ ಪಡು ಗೋಡೆ

ಪ್ರೀತಿಯ ಮಗಳೇ,

ಬಿಜೈಯ ಆ ಫ್ಲ್ಯಾಟಿಗೆ ಸೋಮವಾರ ಟೋಕನ್ ಮುಂಗಡ ಕೊಡ್ತೇನೆ, ಇನ್ನು ತಲೆ ತಿನ್ನಬೇಡ ಅಮ್ಮ ಎಂದು ನೀನು ಫೋನಿಟ್ಟೆ. ಆಯ್ತು, ಬರೆಯುತ್ತೇನೆ, ಸಿಟ್ಟು ಇಳಿದ ಮೇಲೆ ಓದು. ಸ್ವಂತ ದುಡಿಮೆಯಲ್ಲಿ, ಒಬ್ಬಳೇ, ಮಂಗಳೂರು ಪೇಟೆಯೊಳಗೆ ಮನೆ ತೆಗೆಯಲು ಹೊರಟ ಹುಡುಗಿ ನಮ್ಮ ಕುಟುಂಬದಲ್ಲಿ ನೀನೇ ಮೊದಲು. ಅದನ್ನು ಹೇಳಬೇಕು ಅಂತಲೇ ಫೋನ್ ಮಾಡಿದ್ದು. ಬಾಯಿಗೆ ಬಂದದ್ದು ಮಾತ್ರ ಗೋಡೆಯ ವಿಷಯ. ಈಗಲೂ ಅದೇ ಬರುವುದು, ಎಂತ ಮಾಡುವುದು.

ನೀನು ಕಳಿಸಿದ ವಿಡಿಯೋದಲ್ಲಿ ಮಲಗುವ ಕೋಣೆಯ ಮೂರು ಗೋಡೆಗೆ ಹಳೆ ಬಣ್ಣ, ಪಡುವಣ ಬದಿಯದ್ದಕ್ಕೆ ಮಾತ್ರ ಹೊಸತು. ಮನೆ ಮಾರುವವರು ಜನವರಿಯಲ್ಲಿ ಒಂದೇ ಗೋಡೆಗೆ ಪೇಂಟ್ ಹೊಡೆಸುವುದು ಯಾಕೆ ಮಾರಾಯ್ತಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆ ಪಡುಗಾಳಿ ಜೊತೆ ಅಡ್ಡಕ್ಕೆ ಬಂದು ಗೋಡೆಗೇ ಹೊಡೆಯುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕು, ಕಿಟಕಿ ಚೌಕಟ್ಟಿನ ಸಂದು, ಪಿಲ್ಲರಿಗೂ ಕಲ್ಲಿಗೂ ಸೇರುವ ಜಾಗ, ನೀರು ಒಳಗೆ ಹೋಗುವುದು ಹೆಚ್ಚಾಗಿ ಇಲ್ಲಿಂದ. ಕೆಂಪು ಕಲ್ಲು ಹೀರಿಕೊಂಡ ನೀರನ್ನು ಬೇಗ ಬಿಡುವುದಿಲ್ಲ. ಒಳಬದಿಗೆ ಒಣಗುವಾಗ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬಂದು ಪೇಂಟನ್ನು ಎಬ್ಬಿಸುತ್ತದೆ. ಅದರ ಮೇಲೆ ಪುಟ್ಟಿ ಎಳೆದು ಬಣ್ಣ ಹೊಡೆದರೆ ಮುಂದಿನ ಆಟಿ ಮಳೆಯಲ್ಲಿ ಮತ್ತೆ ಅದೇ ಕಥೆ.

ಗೋಡೆ ಮುಟ್ಟಿ ನೋಡಿ ಒಣಗಿದೆ ಎನ್ನಬೇಡ. ಜನವರಿಯಲ್ಲಿ ಎಲ್ಲರ ಗೋಡೆಯೂ ಒಣಗಿಯೇ ಇರುತ್ತದೆ. ಆ ಗೋಡೆಯ ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿಸು, ಮೊದಲು ಮೇನ್ ಆಫ್ ಮಾಡಿಸಿ. ಒಳಗಿನ ಸ್ಕ್ರೂ, ಲೋಹದ ಪೆಟ್ಟಿಗೆ ತುಕ್ಕು ಹಿಡಿದಿದ್ದರೆ ಮತ್ತೆ ಯಾರ ಮಾತೂ ಕೇಳುವುದು ಬೇಡ. ಬೆರಳ ಗಂಟಿನಿಂದ ತಟ್ಟು, ಟೊಳ್ಳು ಸದ್ದು ಬಂದಲ್ಲಿ ಪ್ಲಾಸ್ಟರ್ ಬಿಟ್ಟಿದೆ. ಎಲ್ಲಕ್ಕಿಂತ ಒಳ್ಳೆಯದು, ಕೆಳಗಿನ ಮನೆಯವರ ಬಾಗಿಲು ತಟ್ಟಿ ಅವರ ಪಡು ಗೋಡೆ ನೋಡುವುದು. ನಿನಗೋಸ್ಕರ ಅವರು ಪೇಂಟ್ ಹೊಡೆಸಿರುವುದಿಲ್ಲವಲ್ಲ.

ರಿಪೇರಿ ಆಗಬೇಕಾದದ್ದು ಹೊರಗಿನಿಂದ. ಬಿರುಕನ್ನು ವಿ ಆಕಾರಕ್ಕೆ ಕೊರೆದು, ಪಾಲಿಮರ್ ಸೇರಿದ ಗಾರೆ ತುಂಬಿ, ಕಿಟಕಿ ಸಂದಿಗೆ ಸೀಲೆಂಟ್ ಹಾಕಿ, ಪೂರ್ತಿ ಗೋಡೆಗೆ ವಾಟರ್‌ಪ್ರೂಫ್ ಕೋಟ್ ಕೊಡಬೇಕು. ಆದರೆ ಮೂರನೇ ಮಾಳಿಗೆಯ ಹೊರಮೈ ನಿನ್ನದಲ್ಲ, ಎಲ್ಲರದ್ದು. ಅಟ್ಟಣಿಗೆ ಕಟ್ಟಲು ಅಸೋಸಿಯೇಶನ್ ಒಪ್ಪಬೇಕು, ದುಡ್ಡೂ ಇರಬೇಕು. ಆದ್ದರಿಂದ ಕಾರ್ಯದರ್ಶಿಯ ಹತ್ತಿರ ಎರಡು ಮಾತು ಕೇಳು: ಹೊರಗಿನ ಪೇಂಟ್ ಕೊನೆಗೆ ಯಾವ ವರ್ಷ ಆದದ್ದು, ರಿಪೇರಿ ನಿಧಿಯಲ್ಲಿ ಈಗ ಎಷ್ಟುಂಟು. ಬಾಲ್ಕನಿಯ ಅಡಿಭಾಗವನ್ನೂ ನೋಡು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಬಚ್ಚಲಿನ ಸೀಲಿಂಗಿನಲ್ಲಿ ಹಳದಿ ಕಲೆ ಇದ್ದರೆ ಅದು ಹೆಚ್ಚಾಗಿ ಮೇಲಿನ ಮನೆಯ ಬಚ್ಚಲ ನೀರು ಹೋಗುವ ನಹಾನಿ ಟ್ರ್ಯಾಪಿನ ಜಾಯಿಂಟ್ ಸೋರುವುದು, ಅದು ಬೇರೆ ಜಗಳ.

ಗೋಡೆಯನ್ನೇ ಹಿಡಿದು ಕೂತೆ, ಬೇಸರ ಮಾಡಬೇಡ. ದುಡ್ಡಿನ ಲೆಕ್ಕ ನೀನು ನನಗಿಂತ ಚೆನ್ನಾಗಿ ಮಾಡುತ್ತೀ, ಆದರೂ ಹೇಳುತ್ತೇನೆ. 620 ಚದರ ಅಡಿ ಎಂಬುದು ಮೆಟ್ಟಿಲು, ಲಿಫ್ಟ್ ಸೇರಿಸಿದ ಸೂಪರ್ ಬಿಲ್ಟಪ್ ಲೆಕ್ಕ. ಟೇಪ್ ಹಿಡಿದು ಅಳೆದಾಗ ಕಾರ್ಪೆಟ್, ಅಂದರೆ ಗೋಡೆಯೊಳಗಿನ ನೆಲ, 450 ಬಂದರೆ 36 ಲಕ್ಷಕ್ಕೆ ಅಡಿಗೆ 8,000 ಬಿತ್ತು. ಈ ಮೊತ್ತಕ್ಕೆ ಬ್ಯಾಂಕ್ ಶೇ 80 ಸಾಲ ಕೊಟ್ಟಿತು ಅಂತ ಇಟ್ಟುಕೋ. ಸೆಸ್ಸು, ಸರ್ಚಾರ್ಜು ಸೇರಿ ಮುದ್ರಾಂಕ ಶುಲ್ಕ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು 2,73,600. ಅದಕ್ಕೆ ಸಾಲ ಸಿಗುವುದಿಲ್ಲ. ಅಂದರೆ ಕೈಯಿಂದ ಹತ್ತಿರ ಹತ್ತಿರ ಹತ್ತು ಲಕ್ಷ ಬೇಕು.

ಕಾಗದ ಪತ್ರ ವಕೀಲರು ನೋಡಲಿ. ಆಸ್ತಿಯ ಮೇಲಿನ ಮಾರಾಟ, ಸಾಲ ಎಲ್ಲ ತೋರಿಸುವ ಇ.ಸಿ. 30 ವರ್ಷದ್ದು ನೋಂದಣಿ ಇಲಾಖೆಯಿಂದ ನೀನೇ ತೆಗೆ, ಬ್ರೋಕರ್ ಕೊಟ್ಟ ಜೆರಾಕ್ಸ್ ಬೇಡ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕೇಳಲೇಬೇಕು: ಜಾಗ ವರ್ಗವೋ (ಸ್ವಂತದ್ದೋ) ಮೂಲಗೇಣಿಯೋ (ಕಾಯಂ ಗೇಣಿಯದ್ದೋ)? ಬಿಲ್ಡರಿಗೆ ಕೊಟ್ಟದ್ದು ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ ಅಳಿಯಸಂತಾನ ಕುಟುಂಬವಾದರೆ ವಿಭಾಗಪತ್ರದಲ್ಲಿ ಎಲ್ಲ ಕವರಿನವರ, ಅಂದರೆ ಎಲ್ಲ ಶಾಖೆಯವರ, ಸಹಿ ಉಂಟಾ? ಕ್ರಯಪತ್ರದಲ್ಲಿ ಜಾಗದ ಅವಿಭಕ್ತ ಪಾಲು ಎಷ್ಟೆಂದು ಬರೆದಿರಬೇಕು. ಬಿಲ್ಡಿಂಗ್ ಹಳತಾದಷ್ಟೂ ಬೆಲೆ ಉಳಿಯುವುದು ಆ ಪಾಲಿಗೇ.

ಬಸ್ ಸ್ಟ್ಯಾಂಡ್, ಮಾರ್ಕೆಟ್ ಎಲ್ಲ ಕಾಲ್ನಡಿಗೆಯಲ್ಲಿ ಎನ್ನುತ್ತೀ, ಒಪ್ಪಿದೆ. ರಾತ್ರಿ ಹತ್ತಕ್ಕೂ ಬೆಳಗ್ಗೆ ಐದಕ್ಕೂ ಆ ಕೋಣೆಯ ಕಿಟಕಿ ತೆರೆದು ಹಾರ್ನ್ ಎಷ್ಟು ಕೇಳುತ್ತದೆ ನೋಡು. ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ನಳ್ಳಿ ನೀರಿಗೆ ರೇಷನ್ ಬರುತ್ತದೆ. ಕಾಂಪೌಂಡಿನಲ್ಲಿ ಬಾವಿ ಇಲ್ಲದಿದ್ದರೆ ಟ್ಯಾಂಕರ್ ಖರ್ಚು ಯಾರ ಮೇಲೆ, ಅದನ್ನೂ ಕೇಳು.

ಒಬ್ಬಳೇ ಇರುವ ಮನೆ, ಲಿಫ್ಟ್ ಕೆಟ್ಟ ರಾತ್ರಿ ಮೆಟ್ಟಿಲಿಗೆ ಲೈಟ್ ಉಂಟಾ ಎಂಬುದೂ ನನ್ನ ತಲೆಯಲ್ಲಿದೆ. ಅದಕ್ಕೆ ನೀನು ಬೈಯುತ್ತೀ ಅಂತ ಗೊತ್ತು.

ಟೋಕನ್ ಕೊಡುವುದೇ ಆದರೆ ಬ್ಯಾಂಕ್ ಮೂಲಕವೇ ಕೊಡು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕಾಗದ ಸರಿ ಇಲ್ಲದಿದ್ದರೆ ವಾಪಸ್ ಕೊಡಬೇಕು ಎಂದು ಚೀಟಿಯಲ್ಲಿ ಬರೆಸಿಕೋ.

ಶನಿವಾರ ಉಡುಪಿಯಿಂದ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ, ಬೇಡ ಎನ್ನಬೇಡ. ಟೇಪು, ಸ್ಕ್ರೂಡ್ರೈವರ್ ನಾನೇ ತರುತ್ತೇನೆ. ಕಾರ್ಯದರ್ಶಿ ಎಷ್ಟು ಹೊತ್ತಿಗೆ ಸಿಗುತ್ತಾರೆ, ಕೇಳಿ ಇಡು.

ಅಮ್ಮ